ಒಬ್ಬರೇ ಕೂರುವ ಸೀಟು

ಯಾರ ಮನೆಗೆ ಹೋದರೂ ನಮ್ಮತ್ತೆ ಕೂರುವ ಮೊದಲು ಕುರ್ಚಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾರೆ. ಮನೆಯವರ ಯೋಗಕ್ಷೇಮ ಆಮೇಲೆ. ಮೊದಲ ಸಲ ನಮ್ಮಮ್ಮನ ಮನೆಗೆ ಬಂದಾಗಲೂ ಹಾಗೇ. ಸೋಫಾ ಒತ್ತಿ, "ಇದರ ಸ್ಪಂಜು ಸತ್ತು ಯಾವ ಕಾಲವಾಯ್ತೋ" ಅಂದುಬಿಟ್ಟರು. ಅಮ್ಮ ಮುಖ ಊದಿಸಿಕೊಂಡಳು. ಮುಂದಿನ ವಾರ ಅತ್ತೆ ತಾವೇ ಹೊಸ ಸ್ಪಂಜು ಹೊತ್ತುಕೊಂಡು ಹೋಗಿ, ಕವರು ಬಿಚ್ಚಿ, ತುಂಬಿ, ಹೊಲಿದು ಬಂದರು. ಈಗ ಆ ಸೋಫಾದಲ್ಲಿ ಕೂತೇ ಅಮ್ಮ ನನಗೆ ಫೋನು ಮಾಡಿ ಅತ್ತೆಯ ಮೇಲೆ ಚಾಡಿ ಕೇಳುವುದು.

ಬೀದಿಯವರು ಅವರನ್ನು ಸೀಟಮ್ಮ ಅನ್ನುತ್ತಾರೆ. ಬಸ್ಸು, ಲಾರಿ, ಬೈಕು, ಹಲ್ಲಿನ ಡಾಕ್ಟರ ಕುರ್ಚಿ, ಕ್ಷೌರದಂಗಡಿಯ ತಿರುಗುವ ಕುರ್ಚಿ, ಮನುಷ್ಯ ಕುಂಡಿ ಊರುವ ಯಾವುದೇ ಜಾಗವಿರಲಿ, ಹರಿದರೆ ನಮ್ಮ ಅಂಗಡಿಗೇ ಬರಬೇಕು. ಅತ್ತೆ ಹರೆಯದಲ್ಲಿ ಬಸ್ ಡಿಪೋದ ಹೊಲಿಗೆ ವಿಭಾಗಕ್ಕೆ ಸೇರಿದವರು. ಅಲ್ಲಿದ್ದ ಗಂಡಸರು, "ಈ ಮಿಶನ್ನು ತುಳಿಯೋಕೆ ಎತ್ತಿನ ಕಾಲು ಬೇಕಮ್ಮ" ಅಂದಿದ್ದರಂತೆ. "ಎತ್ತುಗಳು ಇಷ್ಟೊಂದು ಇವೆಯಲ್ಲ, ಆದರೂ ಸೀಟು ಯಾಕೆ ಹೀಗೆ ಹರಿದು ಬಿದ್ದಿವೆ?" ಅಂತ ಇವರು ಕೇಳಿದರಂತೆ. ಮಾವ ಅದೇ ಡಿಪೋದಲ್ಲಿ ಬ್ರೇಕ್ ನೋಡುತ್ತಿದ್ದರು. ಆ ಮಾತು ಕೇಳಿಯೇ ಮನಸ್ಸು ಕೊಟ್ಟೆ ಎಂದು ಇರುವವರೆಗೂ ಹೇಳುತ್ತಿದ್ದರು.

ಅತ್ತೆಯ ಕೆಲಸಕ್ಕೆ ಒಂದು ಕಟ್ಟಳೆಯಿದೆ. ಸೀಟು ಎಂಥದ್ದೇ ಇರಲಿ, ಅಂಚಿನಲ್ಲಿ ಒಂದು ಬೆರಳಿನಷ್ಟು ಸಡಿಲ ಬಿಡುತ್ತಾರೆ. ಅದಕ್ಕೆ ಅವರು ಇಟ್ಟ ಹೆಸರು 'ಉಸಿರು'. "ಬಿಗಿಯಾಗಿ ಹೊಲಿದ ಸೀಟು, ಬಿಗಿಯಾಗಿ ಮಾತಾಡೋ ಜನ, ಎರಡೂ ಬೇಗ ಹರಿಯತ್ವೆ" ಅನ್ನುತ್ತಾರೆ. ಪಾಪು ಹುಟ್ಟಿದ ಮೇಲೆ ನಾನು ನನ್ನ ಕೆಲಸ ಬಿಟ್ಟು ಮನೆಯಲ್ಲಿದ್ದೆ. ಸುಮ್ಮನೆ ಕೂರಲಾಗದೆ ಅಂಗಡಿಯಲ್ಲಿ ಸ್ಪಂಜು ಕತ್ತರಿಸುತ್ತಿದ್ದೆ. ರೆಕ್ಸಿನ್ ಸುರುಳಿಗಳ ಹಿಂದೆ ಸ್ಪಂಜಿನ ಚೂರು ಹಾಸಿ ಮೋಡದಂಥ ಒಂದು ಮೂಲೆ ಮಾಡಿಕೊಂಡು ಅಲ್ಲೇ ಪಾಪುವಿಗೆ ಹಾಲು ಕುಡಿಸುತ್ತಿದ್ದೆ.

ಆ ಹೊತ್ತಿಗೆ ಊರಲ್ಲೆಲ್ಲ ಒಂದೇ ಸುದ್ದಿ. ಹೊಸದೊಂದು ಕಾರು ರೇಸ್ ಸರಣಿ ಶುರುವಾಗುತ್ತಿತ್ತು. ದೇಶದಿಂದ ದೇಶಕ್ಕೆ ಹೋಗಿ ಓಡುವಂಥದ್ದು, ಅದರ ಮೊದಲ ಓಟವೇ ನಮ್ಮ ಬಂದರು ರಸ್ತೆಯಲ್ಲಿ. ದೀಪದ ಕಂಬಗಳಿಗೆಲ್ಲ ಬಾವುಟ, ಗೋದಾಮುಗಳ ಗೋಡೆಗೆಲ್ಲ ಸುಣ್ಣ, ಹೊಂಡ ಬಿದ್ದ ರಸ್ತೆಗೆ ಹೊಸ ಡಾಂಬರು. "ನಾವು ಇಷ್ಟು ವರ್ಷ ಅರ್ಜಿ ಹಾಕಿದ್ರೂ ಮುಚ್ಚದ ಹೊಂಡ, ನಾಲ್ಕು ಕಾರು ಬರ್ತವೆ ಅಂದ್ರೆ ಮುಚ್ಚಿಹೋಯ್ತು ನೋಡು" ಎಂದು ಅತ್ತೆ ಗೊಣಗಿದರು. ಗೊಣಗಿದರೂ ಸಂಜೆಯಾದರೆ ಹೊಸ ರಸ್ತೆಯ ಮೇಲೆ ನಡೆಯಲು ಹೋಗುತ್ತಿದ್ದರು.

ಓಟದ ವಾರ ಒಬ್ಬ ಎಂಜಿನಿಯರ್ ನಮ್ಮ ಅಂಗಡಿ ಹುಡುಕಿಕೊಂಡು ಬಂದ. ಕೊರಳಲ್ಲಿ ಗುರುತಿನ ಚೀಟಿ, ಮುಖದಲ್ಲಿ ನಿದ್ದೆಗೇಡು.

"ಸೀಟು ಮಾಡೋರು ಇಲ್ಲೇನಾ?"

"ಹೌದಪ್ಪ. ಬಸ್ಸಾ, ಲಾರಿನಾ?" ಅತ್ತೆ ಬಾಯಲ್ಲಿದ್ದ ದಾರ ತೆಗೆಯದೆಯೇ ಕೇಳಿದರು.

"ರೇಸ್ ಕಾರು."

"ಎಷ್ಟು ಜನ ಕೂರೋದು?"

"ಒಬ್ರೇ."

"ಒಬ್ರು ಕೂರೋದಕ್ಕೆ ಇಷ್ಟು ಗಾಬರಿನಾ! ಕೂತ್ಕೋ, ನೀರು ಕುಡಿ."

ಅವನು ಹೇಳಿದ ಸಂಗತಿ ಇಷ್ಟು. ಈ ಸರಣಿಯಲ್ಲಿ ಎಲ್ಲರಿಗೂ ಒಂದೇ ಬಗೆಯ ಕಾರು; ಗೆಲುವು ಸೋಲು ಓಡಿಸುವವರ ಕೈಯಲ್ಲಿ. ಆದರೆ ಕಾರು ಒಂದೇ ಆದರೂ ಮೈ ಒಂದೇ ಅಲ್ಲವಲ್ಲ. ಪ್ರತಿ ಡ್ರೈವರಿಗೂ ಅವರವರ ಮೈಯ ಅಚ್ಚಿನಲ್ಲೇ ಒಳಸೀಟು ಆಗಬೇಕು. ಅದನ್ನು ಮಾಡುವವನು ಕಾಲು ಮುರಿದುಕೊಂಡು ಬೇರೆ ದೇಶದಲ್ಲಿ ಮಲಗಿದ್ದ. ಉಳಿದವರ ಸೀಟು ಮುಗಿದಿತ್ತು. ಕೊನೆಯಲ್ಲಿ ಆಯ್ಕೆಯಾದ ಒಬ್ಬ ಹುಡುಗಿಯದು ಮಾತ್ರ ಬಾಕಿ. ಸೀಟು ಸರಿಹೋಗದಿದ್ದರೆ ಅವಳ ಬದಲು ಕಾಯ್ದಿಟ್ಟ ಡ್ರೈವರ್ ಕಾರು ಹತ್ತುತ್ತಾನೆ.

ಹುಡುಗಿ ಮರುದಿನ ಬಂದಳು. ನಮ್ಮ ಭುಜದಷ್ಟು ಎತ್ತರ. ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡರೆ ಅವಳಿಗಿಂತ ಅದೇ ದೊಡ್ಡದಾಗಿ ಕಾಣುತ್ತಿತ್ತು. ತಂಡದವರು ಅವಳನ್ನು ಗುಬ್ಬಿ ಅನ್ನುತ್ತಿದ್ದರು. ಅತ್ತೆ ಅವಳನ್ನು ಮೇಲಿನಿಂದ ಕೆಳಗೆ ನೋಡಿ, "ಅಯ್ಯೋ, ಮೂಳೆ ಬಿಟ್ಟರೆ ಏನಿದೆಯೇ ನಿನ್ನ ಮೈಯಲ್ಲಿ? ಎಲ್ಲಿ ನೋಯುತ್ತೆ ಹೇಳು" ಅಂದರು.

"ಸೊಂಟ, ಅಮ್ಮ. ಪಕ್ಕೆ. ಬೇರೆಯವರ ಸೀಟಲ್ಲಿ ಓಡಿಸಿದಾಗೆಲ್ಲ ತಿರುವಲ್ಲಿ ಜಜ್ಜುತ್ತೆ."

ಕೆಲಸ ನಡೆದದ್ದು ಬಂದರಿನ ಗೋದಾಮಿನಲ್ಲಿ. ಎರಡು ಡಬ್ಬಿಯ ದ್ರವ ಬೆರೆಸಿ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಚೀಲವನ್ನು ಕಾರಿನೊಳಗಿನ ತೊಟ್ಟಿಯಲ್ಲಿಟ್ಟು, ಅದರ ಮೇಲೆ ಹುಡುಗಿಯನ್ನು ಕೂರಿಸಿದರು. ದ್ರವ ನೊರೆಯಾಗಿ ಉಬ್ಬಿ ಬೆನ್ನು, ಪಕ್ಕೆ, ತೊಡೆ ಎಲ್ಲದರ ಸುತ್ತ ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ ಸ್ಟೀರಿಂಗ್ ಹಿಡಿದು, ಪೆಡಲ್ ಮೇಲೆ ಕಾಲಿಟ್ಟು ಅಲ್ಲಾಡದೆ ಕೂರಬೇಕು.

"ಬಿಸಿ ಆಗ್ತಿದೆ, ಕಚಗುಳಿ ಬೇರೆ" ಅಂದಳು ಗುಬ್ಬಿ.

"ನಗಬೇಡ!" ಅತ್ತೆ ಗದರಿದರು. "ನಕ್ಕರೆ ನಗುವಿನ ಅಚ್ಚೂ ಬೀಳತ್ತೆ. ಆಮೇಲೆ ಓಡಿಸೋವಾಗೆಲ್ಲ ನಗ್ತಾನೇ ಇರಬೇಕಾಗತ್ತೆ."

ಗಟ್ಟಿಯಾದ ಅಚ್ಚನ್ನು ಅತ್ತೆ ಅಂಗಡಿಗೆ ತಂದರು. ಬೆಂಕಿ ಹಿಡಿಯದ ಬಟ್ಟೆಯ ಕವರು ಹಾಕುವುದಷ್ಟೇ ಬಾಕಿ. "ಬಿಗಿಯಾಗಿರ್ಬೇಕು, ಅಮ್ಮ. ಏನೂ ಸಡಿಲ ಬೇಡ" ಎಂದು ಎಂಜಿನಿಯರ್ ಹೇಳಿದ್ದ. ಅತ್ತೆ ತಲೆಯಾಡಿಸಿದ್ದರು. ನಾನು ಪಾಪುವನ್ನು ಮಲಗಿಸಿ ಈಚೆ ಬಂದಾಗ ಕವರು ಹೊಲಿದು ಮುಗಿದಿತ್ತು. ಬಂಗಾರದಂಥ ಹೊಲಿಗೆ. ಒತ್ತಿ ನೋಡಿದೆ. ಮೆತ್ತಗಿತ್ತು. ಗಟ್ಟಿ ಅಚ್ಚು ಮೆತ್ತಗೆ ಯಾಕಿದೆ ಎಂದು ನನಗೆ ಹೊಳೆಯಲೇ ಇಲ್ಲ.

ಮೊದಲ ಅಭ್ಯಾಸದ ದಿನ ನಾವು ತಂಡದ ಜಾಗದಲ್ಲೇ ನಿಂತಿದ್ದೆವು. ಪಾಪುವಿನ ಕಿವಿಗೆ ದೊಡ್ಡ ಮುಚ್ಚಳ ಹಾಕಿದ್ದೆ. ಗುಬ್ಬಿಯ ಕಾರು ಕೆಲವು ಸುತ್ತು ಹಾಕಿ ಒಳಗೆ ಬಂದುಬಿಟ್ಟಿತು. ಎಲ್ಲರಿಗಿಂತ ನಿಧಾನ. ಅವಳು ಮಂಡಿ ಉಜ್ಜಿಕೊಳ್ಳುತ್ತಾ ಇಳಿದಳು.

"ಸೋಫಾ ಮೇಲೆ ಕೂತ ಹಾಗಿದೆ, ಅಮ್ಮ. ತಿರುವಲ್ಲಿ ಜಾರ್ತೀನಿ. ಮಂಡಿ ಒತ್ತಿ ಹಿಡ್ಕೊಂಡಿದ್ದೆ. ಕಾರು ಏನು ಹೇಳ್ತಿದೆ ಅಂತ ಗೊತ್ತೇ ಆಗ್ತಿಲ್ಲ."

ಎಂಜಿನಿಯರ್ ಸೀಟು ಎತ್ತಿ ಕವರಿನ ಒಂದು ಅಂಚು ಬಿಚ್ಚಿದ. ಒಳಗೆ ಸ್ಪಂಜು. ಅಚ್ಚಿನ ಎರಡು ಪಕ್ಕೆಯನ್ನೂ ಬೆರಳಿನಷ್ಟು ಕೆರೆದು ಸಣ್ಣ ಮಾಡಿ, ಅಲ್ಲಿ ಮೆತ್ತನೆಯ ಸ್ಪಂಜು ಅಂಟಿಸಲಾಗಿತ್ತು.

"ಇದು ಯಾರು ಹಾಕಿದ್ದು?"

"ನಾನೇ" ಅಂದರು ಅತ್ತೆ. "ಮಗು ಮೈ ಜಜ್ಜುತ್ತೆ ಅಂದಳಲ್ಲ. ಒಂದು ಬೆರಳು ಉಸಿರು ಬಿಟ್ಟೆ."

ಅವನು ಕೂಗಾಡಲಿಲ್ಲ. ತನ್ನ ಮುಷ್ಟಿಯನ್ನು ಸ್ಪಂಜಿನ ಮೇಲೆ ಇಟ್ಟು ಒತ್ತಿದ. ಅದು ಕಾಗದದಷ್ಟು ತೆಳುವಾಯಿತು. "ಗೋಡೆಗೆ ಗುದ್ದಿದಾಗ ಹೀಗಾಗತ್ತೆ, ಅಮ್ಮ. ಸ್ಪಂಜು ಕುಗ್ಗತ್ತೆ, ಬೆಲ್ಟು ಸಡಿಲ ಆಗತ್ತೆ. ಮೈ ಎಷ್ಟು ಜಾಗ ಇದೆಯೋ ಅಷ್ಟೂ ಹಾರತ್ತೆ. ಮೆತ್ತಗಿರೋದೇ ಇಲ್ಲಿ ಅಪಾಯ."

ಅತ್ತೆ ತಮ್ಮ ಹೆಬ್ಬೆರಳಿನಿಂದ ಅದನ್ನು ಒತ್ತಿ ನೋಡಿದರು. ಅವರು ಆ ಸ್ಪಂಜನ್ನೇ ನೋಡುತ್ತಿದ್ದರು. ಅತ್ತ ಕಾಯ್ದಿಟ್ಟ ಡ್ರೈವರ್ ಆಗಲೇ ತನ್ನ ಶೂ ದಾರ ಕಟ್ಟಿಕೊಳ್ಳುತ್ತಿದ್ದ. ಪಾಪದವನು, ಅವನದೇನು ತಪ್ಪು. ಅವನೂ ಕನಸು ಕಟ್ಟಿಕೊಂಡೇ ಬಂದವನು.

ದ್ರವದ ಡಬ್ಬಿ ಇನ್ನೊಂದೇ ಜೊತೆ ಉಳಿದಿತ್ತು. ಮರುದಿನ ಮಧ್ಯಾಹ್ನ ಸಾಲಿನಲ್ಲಿ ಯಾರು ಮುಂದೆ ಯಾರು ಹಿಂದೆ ಎಂದು ತೀರ್ಮಾನಿಸುವ ಸುತ್ತು. ಅಷ್ಟರೊಳಗೆ ಹೊಸ ಸೀಟು ಆಗಬೇಕು, ಇಲ್ಲವೇ ಗುಬ್ಬಿ ಮನೆಗೆ.

"ಈ ಸಲ ನಮ್ಮ ಮೆಕ್ಯಾನಿಕ್ಕೇ ಮಾಡ್ಲಿ" ಅಂದ ಎಂಜಿನಿಯರ್.

"ಇವ್ರೇ ಮಾಡ್ಲಿ" ಅಂದಳು ಗುಬ್ಬಿ. "ನಂಗೆ ಎಲ್ಲಿ ನೋಯುತ್ತೆ ಅಂತ ಕೇಳಿದ್ದು ಇವರೊಬ್ರೇ."

"ಕೇಳ್ಲಿ. ಕೇಳಿದ್ಮೇಲೆ ಸ್ಪಂಜು ಹಾಕದೇ ಇರ್ಲಿ!"

ಸಂಜೆ ಅಂಗಡಿಯಲ್ಲಿ ಅತ್ತೆ ಮಿಶನ್ನಿನ ಮುಂದೆ ಕೂತವರು ಮಿಶನ್ನನ್ನು ಮುಟ್ಟಲಿಲ್ಲ. "ನಾನು ಹೋಗಲ್ಲ ಕಣೇ" ಅಂದರು. "ಬಸ್ಸಿನ ಸೀಟು ಕೆಟ್ಟರೆ ಯಾರದೋ ಬೆನ್ನು ನೋಯತ್ತೆ. ಇದು ಪ್ರಾಣ. ಆ ಹುಡುಗಿ ನಂಬಿ ಕೂತಿದ್ದಳು. ನಾನೇ ಜಾರಿಸಿಬಿಟ್ಟೆ."

ಅಷ್ಟರಲ್ಲಿ ಪಾಪು ಎದ್ದು ರಚ್ಚೆ ಹಿಡಿದಳು. ನಾನು ಹತ್ತಿಬಟ್ಟೆ ಹಾಸಿ ಅವಳನ್ನು ಸುತ್ತಿದೆ. ಅತ್ತೆ ಎಂದಿನಂತೆ ನನ್ನ ಕೈ ತಳ್ಳಿದರು.

"ಅದೇನು ಸುತ್ತೋದು, ಸಡಿಲವಾಗಿ! ತನ್ನ ಕೈ ತಾನೇ ಅಲ್ಲಾಡಿ ಬೆಚ್ಚಿ ಬೀಳತ್ತೆ ಮಗು. ಬಿಗಿಯಾಗಿ ಸುತ್ತು, ಆಗ ನೆಮ್ಮದಿಯಾಗಿ ಮಲಗತ್ತೆ."

"ಅತ್ತೆ, ಈಗ ನೀವು ಏನು ಹೇಳಿದ್ರಿ?"

"ಏನು ಹೇಳಿದೆ? ದಿನಾ ಹೇಳೋದೇ."

"ಅದೇ ಎಂಜಿನಿಯರ್ ಹೇಳಿದ್ದೂ."

ಅವರು ನನ್ನನ್ನು ದುರುಗುಟ್ಟಿ ನೋಡಿದರು. "ಮಗೂಗೂ ರೇಸ್ ಕಾರಿಗೂ ಏನೇ ಸಂಬಂಧ? ಅಜ್ಜಿಗೆ ಅರಿವೆ ಚಿಂತೆ, ಮೊಮ್ಮಗಳಿಗೆ ಕಜ್ಜಾಯದ ಚಿಂತೆ ಅನ್ನೋ ಹಾಗೆ ಮಾತಾಡ್ತೀಯ." ಅಷ್ಟಂದು ಪಾಪುವನ್ನು ನನ್ನ ಕೈಯಿಂದ ತೆಗೆದುಕೊಂಡರು. ಬಟ್ಟೆಯ ಒಂದು ತುದಿ ಬೆನ್ನ ಕೆಳಗೆ, ಇನ್ನೊಂದು ಎದೆಯ ಮೇಲೆ. ಸುತ್ತುವಾಗ ಅವರ ಕೈ ಒಂದು ಗಳಿಗೆ ನಿಂತಿತು. ಪಾಪು ಉಸಿರೆಳೆದುಕೊಂಡಳು, ಎದೆ ಉಬ್ಬಿತು. ಆಗ ಅತ್ತೆ ಕೊನೆಯ ಸುತ್ತು ಹಾಕಿ ಸಿಕ್ಕಿಸಿದರು.

ತಿರುಗಿ ನನಗೆ, "ಬೆಳಿಗ್ಗೆ ಬೇಗ ಎಬ್ಬಿಸು" ಅಂದರು.

ಗೋದಾಮಿಗೆ ಹೊರಡುವ ಮೊದಲು ತಮ್ಮ ಬಾಗಿದ ಚಾಕುವನ್ನು ನನ್ನ ಕೈಗೆ ಕೊಟ್ಟರು. ಡಿಪೋದ ಕಾಲದ್ದು, ಹಿಡಿ ಸವೆದು ಅವರ ಬೆರಳಿಗೇ ಒಗ್ಗಿದ್ದು. "ಇದು ನಿನ್ನ ಹತ್ರ ಇರ್ಲಿ. ನಾನು ಕೇಳಿದ್ರೂ ಕೊಡಬೇಡ."

ಗುಬ್ಬಿ ಚೀಲದ ಮೇಲೆ ಕೂತಳು. ನೊರೆ ಉಬ್ಬತೊಡಗಿದಾಗ ಅತ್ತೆ ಬಗ್ಗಿ ಅವಳ ಕಿವಿಯ ಹತ್ತಿರ ಹೇಳಿದರು: "ನೋಡು ಮಗಳೇ, ಮುದುರಿ ಕೂತ್ಕೋಬೇಡ. ಎದೆ ತುಂಬ ಉಸಿರಾಡ್ತಾ ಇರು. ನಿಂಗೆ ಬೇಕಾದ ಜಾಗ ಈಗ ನೀನೇ ಮಾಡ್ಕೊಂಡುಬಿಡು. ನಾನು ಆಮೇಲೆ ಮಾಡಿಕೊಡಲ್ಲ."

ಎಂಜಿನಿಯರ್ ಬಗ್ಗಿ ಚೀಲ ಉಬ್ಬುವುದನ್ನು ನೋಡಿದ. "ಅದು ಸರಿ" ಅಂದ ಕೊನೆಗೆ.

ಅಚ್ಚು ಗಟ್ಟಿಯಾಯಿತು. ಅತ್ತೆ ಬೆರಳಲ್ಲಿ ಸವರಿ ನೋಡಿದರು. ಸೊಂಟದ ಹತ್ತಿರ ಕೈ ನಿಂತಿತು.

"ಇಲ್ಲೊಂಚೂರು ಕೊಡೇ ಚಾಕು."

"ಕೊಡಲ್ಲ."

"ಕೂದಲೆಳೆಯಷ್ಟು ಕಣೇ."

"ಕೊಡಲ್ಲ ಅತ್ತೆ. ನೀವೇ ಹೇಳಿದ್ದು."

"ಸೊಸೆ ಅಂದ್ರೆ ನಿನ್ನಂಥವಳಿರಬೇಕು ನೋಡು, ಹೇಳಿದ್ದು ಒಂದನ್ನೂ ಕೇಳಲ್ಲ, ಇವತ್ತು ಕೇಳ್ತೀಯ" ಎಂದು ಬೈದು ಕೈ ಹಿಂದಕ್ಕೆ ಎಳೆದುಕೊಂಡರು. ಮೇಲಿನ ಅಂಚಿನ ಒರಟನ್ನು ಮೆಕ್ಯಾನಿಕ್ ಉಜ್ಜಿ ತೆಗೆದ. ಕವರನ್ನು ಅತ್ತೆಯೇ ಹಾಕಿದರು, ಸುಕ್ಕಿಲ್ಲದೆ, ಚರ್ಮದ ಹಾಗೆ. ಒತ್ತಿ ನೋಡಿದೆ. ಕಲ್ಲು.

ಮಧ್ಯಾಹ್ನದ ಸುತ್ತಿನಲ್ಲಿ ಗುಬ್ಬಿ ಸಾಲಿನ ನಡುವೆ ಜಾಗ ಹಿಡಿದಳು. ಕಾಯ್ದಿಟ್ಟ ಡ್ರೈವರ್ ಶೂ ದಾರ ಬಿಚ್ಚಿ, ಬಂದು ಅವಳ ಕೈ ಕುಲುಕಿದ. ಎಂಜಿನಿಯರ್ ನಮಗೆ ಬೇಲಿಯ ಪಕ್ಕದಲ್ಲಿ ನಿಲ್ಲಲು ಚೀಟಿ ಕೊಟ್ಟ.

ಓಟದ ದಿನ ಭಾಷಣ, ಬಣ್ಣದ ಹೊಗೆ, ಬೇರೆಬೇರೆ ದೇಶದ ಬಾವುಟ ಎಲ್ಲ ಇತ್ತು. ಅದ್ಯಾವುದೂ ಅತ್ತೆಗೆ ಕಾಣಲಿಲ್ಲ. ಗೋದಾಮಿನ ಮೂಲೆಯ ತಿರುವಿನಲ್ಲಿ ಬೇಲಿ ಹಿಡಿದು ನಿಂತಿದ್ದರು. ಕಾರುಗಳು ಬಂದವು. ಸದ್ದಿಗೆ ನನ್ನ ಹಲ್ಲೇ ಅಲ್ಲಾಡಿದ ಹಾಗಾಯಿತು. ಸೀಟು ಎಲ್ಲಿ ಕಾಣಬೇಕು? ಗುಬ್ಬಿಯ ಹಳದಿ ಹೆಲ್ಮೆಟ್ಟಿನ ತುದಿಯಷ್ಟೇ ಕಂಡದ್ದು.

"ಏನೂ ಕಾಣಲ್ವಲ್ಲ ಅತ್ತೆ" ಎಂದು ಕೂಗಿದೆ.

"ಹೆಲ್ಮೆಟ್ಟು ನೋಡೇ! ಬೇರೆಯವರದು ತಿರುವಲ್ಲಿ ಆ ಕಡೆ ವಾಲತ್ತೆ. ಇವಳದು ವಾಲ್ತಿದೆಯಾ?"

ಮುಂದಿನ ಸುತ್ತಿನಲ್ಲಿ ನೋಡಿದೆ. ವಾಲಲಿಲ್ಲ. ಅತ್ತೆಗೆ ಹಾಗೆ ಕಂಡಿತೋ, ನಿಜವೋ, ನನಗೆ ಹೇಳಲಾಗದು. ಆದರೆ ಅವರು ಬೇಲಿಯನ್ನು ಹಿಡಿದಿದ್ದ ಬೆರಳು ಅಲ್ಲಿಂದ ಮೇಲೆ ಸಡಿಲವಾಯಿತು.

ಗುಬ್ಬಿ ಗೆಲ್ಲಲಿಲ್ಲ. ಹೊರಟ ಜಾಗಕ್ಕಿಂತ ಒಂದಷ್ಟು ಮುಂದೆ ಬಂದು ಮುಗಿಸಿದಳು. ಅಂಕವೂ ಸಿಕ್ಕಿತಂತೆ. ಬೆವರಿನಲ್ಲಿ ತೊಯ್ದು ಓಡಿಬಂದು ಬೇಲಿಯ ಸಂದಿಯಿಂದ ಅತ್ತೆಯ ಬೆರಳು ಹಿಡಿದುಕೊಂಡಳು.

"ಸೊಂಟ ಹೇಗಿದೆಯೇ? ಸೀಟು?" ಅತ್ತೆ ಬೇಲಿಗೆ ಮುಖ ಒತ್ತಿ ಕೇಳಿದರು.

"ಸೀಟಾ?" ಗುಬ್ಬಿ ಒಂದು ಕ್ಷಣ ಯೋಚಿಸಿದಳು. "ಅಯ್ಯೋ ಅಮ್ಮ, ಸೀಟು ಇತ್ತು ಅನ್ನೋದೇ ನೆನಪಾಗಲಿಲ್ಲ!"

ಮನೆಗೆ ನಡೆಯುವಾಗ ಅತ್ತೆ ದಾರಿಯುದ್ದಕ್ಕೂ ಗೊಣಗಿದರು. "ನೆನಪೇ ಆಗಲಿಲ್ಲವಂತೆ! ಎರಡೆರಡು ಸಲ ಮಾಡಿದ್ದು, ನಿದ್ದೆಗೆಟ್ಟಿದ್ದು, ನಿನ್ನ ಕೈಲಿ ಚಾಕು ಕೊಟ್ಟು ಭಿಕ್ಷೆ ಬೇಡಿದ್ದು... ನೆನಪೇ ಆಗಲಿಲ್ಲವಂತೆ." ಹೊಸ ಡಾಂಬರಿನ ಮೇಲೆ ಟೈರಿನ ಕಪ್ಪು ಗೆರೆಗಳಿದ್ದವು. ಅತ್ತೆ ನಿಂತು ಒಂದು ಗೆರೆಯನ್ನು ಚಪ್ಪಲಿಯ ತುದಿಯಿಂದ ಸವರಿದರು. ಅವರ ಬೆನ್ನು ನನ್ನ ಕಡೆಗಿತ್ತು, ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆ ಅಂದುಕೊಂಡು ಪಾಪುವನ್ನು ಎತ್ತಿಕೊಂಡೇ ಓಡಿ ಮುಂದೆ ಹೋಗಿ ನೋಡಿದೆ. ನಗುತ್ತಿದ್ದರು.