ಸತ್ತ ಕಾಲಿಗೆ ಸೀಸ

ಥೆಮೆಲಿನಾ ಯಾರನ್ನೂ ಸುಮ್ಮನೆ ನಂಬಿದವಳಲ್ಲ. ತಕ್ಕಡಿಯ ತಟ್ಟೆ ಮಗುಚಿ, ಅಡಿಯಲ್ಲಿ ಏನಾದರೂ ಅಂಟಿಸಿದ್ದಾರೋ ಎಂದು ನೋಡಿದ ಮೇಲೆಯೇ ಮೀನು ಕೊಳ್ಳುವಳು. ಸಮುದ್ರವನ್ನಂತೂ ನಂಬುವ ಮಾತೇ ಇಲ್ಲ. ಕಾಲಿಮ್ನೋಸ್ ದ್ವೀಪದ ಎಷ್ಟೋ ಹೆಂಗಸರ ಹಾಗೆ ಅವಳೂ ಮುಳುಗುಗಾರನ ಮಗಳು. ಅವಳ ಅಪ್ಪ ಸೀಸದ ಜೋಡು ಮೆಟ್ಟಿ ಸಮುದ್ರದ ತಳದಿಂದ ಸ್ಪಂಜು ಕಿತ್ತು ತರುತ್ತಿದ್ದ. ಒಂದು ಬೇಸಿಗೆಯಲ್ಲಿ ನಡೆದುಕೊಂಡು ಹೋದವನನ್ನು ನಾಲ್ಕು ಜನ ಹೊತ್ತು ತಂದರು. ಆಮೇಲೆ ಬದುಕಿದಷ್ಟು ದಿನ ಅವನು ಎದ್ದು ನಿಲ್ಲಲಿಲ್ಲ.

ಅದಕ್ಕೇ ಅವಳು ನೆಲದ ಮೇಲೆ ದುಡಿಯುವವನನ್ನು ಹುಡುಕಿ ಮದುವೆಯಾದಳು, ಗಾರೆ ಕೆಲಸದ ಸಕೆಲ್ಲಾರಿಸನನ್ನು. ನೆಲವೂ ಕೈಕೊಟ್ಟಿತು. ಗೋಡೆಗೆ ಕಟ್ಟಿದ ಸಾರುವೆ ಕುಸಿದು ಬಿದ್ದು ಅವನ ಸೊಂಟದ ಕೆಳಗಿನ ಜೀವವೇ ಹೋಯಿತು. ಅಂದಿನಿಂದ ಅವನು ಗಾಲಿಕುರ್ಚಿ ಬಿಟ್ಟಿಲ್ಲ.

ಈ ವರ್ಷ ಅಥೆನ್ಸಿನಿಂದ ದಾನಾಯಿ ಎಂಬ ಹುಡುಗಿ ಬಂದಳು. ನಡೆಯಲಾಗದವರ, ಕಣ್ಣು ಕಾಣದವರ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಸಮುದ್ರದೊಳಗೆ ಕರೆದೊಯ್ಯುವುದು ಅವಳ ಕೆಲಸ. ಅದೂ ಪುಕ್ಕಟೆ. ಥೆಮೆಲಿನಾಳಿಗೆ ಮೊದಲು ಚುಚ್ಚಿದ್ದು ಅದೇ.

"ಯಾಕೆ ಮಾಡ್ತಾಳೆ ಪುಕ್ಕಟೆ? ನಿನ್ನ ಫೋಟೋ ತೋರ್ಸಿ ಊರೂರಲ್ಲಿ ಭಿಕ್ಷೆ ಎತ್ತೋಕಾ?"

"ದುಡ್ಡು ಕೇಳಿದ್ರೂ ನಿಂಗೆ ಅನುಮಾನ, ಕೇಳದಿದ್ರೂ ಅನುಮಾನ," ಎಂದ ಸಕೆಲ್ಲಾರಿಸ್. "ಆರು ವರ್ಷದಿಂದ ಈ ಕುರ್ಚೀಲಿ ಕಂಡೋರ ಸೊಂಟದ ಪಟ್ಟಿ ನೋಡ್ಕೊಂಡು ಕೂತಿದೀನಿ ಕಣೇ. ಒಂದ್ಸಲ ಹೋಗಿ ಬರ್ತೀನಿ ಬಿಡು."

ದಡದ ಹತ್ತಿರ ಅಭ್ಯಾಸ ನಡೆದಷ್ಟು ದಿನವೂ ಅವಳು ದೂರದ ಕಲ್ಲಿನ ಮೇಲೆ ಕೂತು ಕಾವಲು ಕಾದಳು. ಕೊನೆಯ ದಿನ ಊರಿನ ಅಂಬಿಗ ಮಿಕೇಸನ ದೋಣಿಯಲ್ಲಿ ನಡುಸಮುದ್ರಕ್ಕೆ ಹೊರಟಾಗ ತಾನೂ ಹತ್ತಿದಳು. ಆಗ ಹತ್ತಿರದಿಂದ ಕಂಡಿತು: ಆ ಹುಡುಗಿ ಸೀಸದ ಬಿಲ್ಲೆಗಳನ್ನು ಎರಡು ಪಟ್ಟಿಚೀಲಗಳಲ್ಲಿ ತುಂಬಿ ಸಕೆಲ್ಲಾರಿಸನ ಪಕ್ಕದಲ್ಲಿಟ್ಟಳು. ಕಾಲಿನ ಗಿಣ್ಣಿಗೆ ಕಟ್ಟುವುದಂತೆ!

ಥೆಮೆಲಿನಾಳಿಗೆ ಅಪ್ಪನ ಜೋಡು ನೆನಪಾಯಿತು. ಸೀಸ! ಅದೂ ಜೀವವಿಲ್ಲದ ಕಾಲಿಗೆ!

ದಾನಾಯಿ ತನ್ನ ಸಿಲಿಂಡರ್ ನೋಡಿಕೊಳ್ಳಲು ಆಚೆ ಹೋದಳು. ಸಕೆಲ್ಲಾರಿಸ್ ಮಿಕೇಸನ ಜೊತೆ ಹರಟುತ್ತಿದ್ದ. ಪ್ರವಾಸಿಗರಿಗೆ ಮಾರಲೆಂದು ಮಿಕೇಸ್ ಇಟ್ಟಿದ್ದ ಸ್ಪಂಜಿನ ಬುಟ್ಟಿ ಥೆಮೆಲಿನಾಳ ಕಾಲಬುಡದಲ್ಲೇ ಇತ್ತು. ಬಿಲ್ಲೆಗಳನ್ನು ತೆಗೆದು ಬೆಂಚಿನಡಿಗೆ ತಳ್ಳಿದಳು. ಚೀಲ ಸೊರಗಿ ಕಾಣದಂತೆ ಸ್ಪಂಜು ತುರುಕಿದಳು. ದಾನಾಯಿ ಮರಳಿ ಬಂದು ಚೀಲಕ್ಕೆ ಕೈಚಾಚಿದಾಗ "ಬಿಡು ಮಗಳೇ, ನಾನೇ ಕಟ್ತೀನಿ," ಎಂದು ತಾನೇ ಪಟ್ಟಿ ಬಿಗಿದಳು. ಸಕೆಲ್ಲಾರಿಸನಿಗೆ ಗೊತ್ತಾಗಲಿಲ್ಲ. ಅವನ ಕಾಲಿಗೆ ಭಾರವೂ ಒಂದೇ, ಹಗುರವೂ ಒಂದೇ.

ನೀರಿಗಿಳಿದ ಸ್ವಲ್ಪ ಹೊತ್ತಿಗೇ ಅವನ ಎರಡು ಪಾದಗಳೂ ಮೇಲೆದ್ದವು. ತಲೆ ಕೆಳಗಾಯಿತು.

"ಏಯ್, ಬಾತುಕೋಳಿ ಆಗ್ಬಿಟ್ಟನಲ್ಲೋ!" ಎಂದು ನಕ್ಕ ಮಿಕೇಸ್, ಅವನ ಕೈಗಳು ನೀರನ್ನು ಪರಚುವುದನ್ನು ಕಂಡು ಬಾಯಿ ಮುಚ್ಚಿದ.

ದಾನಾಯಿ ಅವನನ್ನು ತಿರುಗಿಸಿ ಮೇಲೆ ತಂದಳು. ದೋಣಿಯಲ್ಲಿ ಅವನು ಉಪ್ಪುನೀರು ಕೆಮ್ಮುತ್ತಿರುವಾಗ ಪಟ್ಟಿಚೀಲ ಬಿಚ್ಚಿದಳು.

"ನನ್ನ ಸ್ಪಂಜು!" ಎಂದ ಮಿಕೇಸ್.

"ಕಿರಾ ಥೆಮೆಲಿನಾ, ನೀವಾ?" ಎಂದಳು ದಾನಾಯಿ, ಹಿರಿಯ ಹೆಂಗಸರನ್ನು ಕರೆಯುವ ಮರ್ಯಾದೆಯ ಮಾತು ಬಿಡದೆ.

"ನಾನೇ. ನಡೆಯೋಕಾಗದವನ ಕಾಲಿಗೆ ಸೀಸ ಕಟ್ತೀಯಲ್ಲ, ಮುಳುಗ್ಸೋಕಲ್ದೆ ಇನ್ನೇನಕ್ಕೆ?"

"ಅವರ ಕಾಲಲ್ಲಿ ಮಾಂಸ ಕರಗಿ ಹೋಗಿದೆ ಕಿರಾ, ನೀರಲ್ಲಿ ತೇಲುತ್ತೆ. ಸೀಸ ಇದ್ರೇನೇ ಕಾಲು ಕೆಳಗೆ ನಿಲ್ಲೋದು." ಹುಡುಗಿ ಸಕೆಲ್ಲಾರಿಸನ ಕಡೆ ತಿರುಗಿದಳು. "ಕೆಮ್ಮು ಪೂರ್ತಿ ನಿಂತು, ಎದೆ ಚೆನ್ನಾಗಿದ್ರೆ ಮಧ್ಯಾಹ್ನ ನೋಡೋಣ. ಇಲ್ಲಾಂದ್ರೆ ಇಲ್ಲ. ನಾಳೆ ನಾನು ಹೊರಡ್ತೀನಿ."

ಸಕೆಲ್ಲಾರಿಸ್ ಬಾಯಿ ಒರೆಸಿಕೊಂಡು ಹೆಂಡತಿಯತ್ತ ನೋಡಿದ. ಆಮೇಲೆ ಅಂದ, "ಸಾರುವೆ ಕುಸಿದಾಗ ಯಾರನ್ನೂ ಬೈಲಿಲ್ಲ ನಾನು. ಇವತ್ತು ನನ್ನ ಮಗುಚಿದ್ದು ನೀನು."

"ಹೆದರಿಕೊಂಡೆ, ಸಕೆಲ್ಲಾರಿಸ್."

"ಗೊತ್ತು. ಬಾಯಿ ಇತ್ತಲ್ಲ, ಕೇಳ್ಬಹುದಿತ್ತು."

ಅವಳು ಬಗ್ಗಿ ಬೆಂಚಿನಡಿಯಿಂದ ಬಿಲ್ಲೆಗಳನ್ನು ತೆಗೆದಳು. ಆದರೂ ಹುಡುಗಿಯ ಕೈಗೆ ಕೊಡಲಿಲ್ಲ. "ಹೇಳಿದ್ದು ಸಾಕು. ತೋರ್ಸು," ಎಂದಳು.

ಮಧ್ಯಾಹ್ನ, ಕೆಮ್ಮು ನಿಂತ ಮೇಲೆ, ಅವನನ್ನು ದೋಣಿಯ ಹಿಂಬದಿಯ ಹಲಗೆಯ ಮೇಲೆ ಕೂರಿಸಿ ಕಾಲು ಇಳಿಬಿಟ್ಟರು. ಬರಿಗಾಲು ಪಾಚಿಯ ಹಾಗೆ ಮೇಲಕ್ಕೆದ್ದು ಅಲೆಯ ಜೊತೆ ಹೊರಳಿತು. ಸೀಸ ಕಟ್ಟಿದಾಗ ನೆಟ್ಟಗೆ ಇಳಿದು ನಿಂತಿತು. ಥೆಮೆಲಿನಾ ಕಟ್ಟಿ ನೋಡಿದಳು, ಬಿಚ್ಚಿ ನೋಡಿದಳು, ಮತ್ತೆ ಕಟ್ಟಿ ನೋಡಿದಳು. ಯಾರೂ ಅವಸರ ಮಾಡಲಿಲ್ಲ. ಕೊನೆಗೆ ಪಟ್ಟಿಯ ಒಳಗೆ ಬೆರಳು ತೂರಿಸಿ ಬಿಗಿ ನೋಡಿ, "ಹೋಗು," ಎಂದಳು.

ದಾನಾಯಿ ಅವನ ಎದೆಗೆ ಕಿವಿಗೊಟ್ಟು ಕೇಳಿದಳು, ಪ್ರಶ್ನೆ ಮೇಲೆ ಪ್ರಶ್ನೆ ಹಾಕಿದಳು. ಆಮೇಲೆ ಇಬ್ಬರೂ ಇಳಿದರು. ಗುಳ್ಳೆಗಳು ಮೇಲೆ ಬರುತ್ತಿದ್ದವು. ಮಿಕೇಸ್ ಕಾಫಿ ಚಾಚಿದ. ಥೆಮೆಲಿನಾ ಗುಳ್ಳೆಗಳಿಂದ ಕಣ್ಣು ತೆಗೆಯದೆ ಕೈಯಲ್ಲೇ ಅದನ್ನು ಸರಿಸಿದಳು. ಗುಳ್ಳೆ ತೆಳುವಾದಾಗೆಲ್ಲ ಅವಳ ಉಸಿರೂ ನಿಲ್ಲುತ್ತಿತ್ತು.

ಸಕೆಲ್ಲಾರಿಸ್ ನಗುತ್ತ ಮೇಲೆ ಬಂದ. ಅಂಥ ನಗು ಅವಳಿಗೆ ಮರೆತೇ ಹೋಗಿತ್ತು. ಅದರ ಮೇಲೂ ಅವಳಿಗೆ ಗುಮಾನಿ.

"ಏನು ನೋಡ್ದೆ?"

"ಏನಿಲ್ಲ. ನಿಂತಿದ್ದೆ."

"ಸುಳ್ಳು."

"ನಿಜ, ಕಿರಾ. ಮರಳಿನ ಮೇಲೆ ನೆಟ್ಟಗೆ ನಿಂತಿದ್ರು," ಎಂದಳು ದಾನಾಯಿ.

"ನೀನು ಅವನ ಕಡೆಯವಳು, ಹಾಗೇ ಹೇಳ್ತೀಯ." ಥೆಮೆಲಿನಾ ಕಪ್ಪು ನಿಲುವಂಗಿಯ ತುದಿ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. "ಆ ಕಣ್ಣಿನ ಗಾಜು ಇತ್ತ ಕೊಡು. ಇನ್ನೊಂದ್ಸಲ ನಿಲ್ಲಲಿ, ನಾನು ನೀರಲ್ಲಿ ಮುಖ ಇಟ್ಟು ನೋಡ್ಬೇಕು."