ಒಂದೇ ಕಾಗದದ ಅರ್ಜಿ

ಮೊನ್ನೆ ಬೆಳಿಗ್ಗೆ ಮೊಬೈಲಿಗೆ ಒಂದು ಸಂದೇಶ ಬಂತು. ಮನೆಯ ನಲ್ಲಿಗೆ ಕೊಟ್ಟ ಅರ್ಜಿಯ ವಿಷಯ. ‘ನಿಮ್ಮ ಎಲ್ಲ ದಾಖಲೆಗಳು ಸ್ವೀಕೃತವಾಗಿವೆ’ ಎಂದಿತ್ತು, ಪಕ್ಕದಲ್ಲಿ ಹಸಿರು ಸರಿಗುರುತು. ಬೇರೆಯವರಾದರೆ ನೆಮ್ಮದಿಯಿಂದ ಕಾಫಿ ಕುಡಿಯುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಬೆಳ್ಳಂಬೆಳಿಗ್ಗೆ ಯಾರ ಮೇಲೆ ಸಿಟ್ಟು ಎಂದು ಹೆಂಡತಿ ಕೇಳಿದಳು. ಹಸಿರು ಗುರುತಿನ ಮೇಲೆ ಎಂದರೆ ನಗುತ್ತಾಳೆ. ನಿಮಗಾದರೂ ಹೇಳುತ್ತೇನೆ, ಕೇಳಿ.

ಹತ್ತು ಹದಿನೈದು ವರ್ಷದ ಹಿಂದೆ ನಾನು ಹೊನ್ನಾಳಿಯ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಗುಮಾಸ್ತ. ಈಗಲೂ ಅದೇ ಕುರ್ಚಿ, ಹೊಟ್ಟೆ ಮಾತ್ರ ಮುಂದೆ ಬಂದಿದೆ. ಆಗ ಪುಸ್ತಕ ಇಟ್ಟುಕೊಂಡು ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆ ಕಲಿತಿದ್ದೆ. ವಿದ್ಯೆ ಅರೆಬೆಂದಿತ್ತು, ಗರ್ವ ಪೂರ್ತಿ ಬೆಂದಿತ್ತು. ಅರ್ಜಿಗಳನ್ನು ನೋಡಿಕೊಳ್ಳಲು ನಾನೇ ಒಂದು ಪ್ರೋಗ್ರಾಂ ಬರೆದೆ. ಪ್ರತಿ ಹುಡುಗಿಯೂ ಮೂರು ಕಾಗದ ಕೊಡಬೇಕು: ಜಾತಿ ಪ್ರಮಾಣಪತ್ರ, ಆದಾಯದ್ದು, ಅಂಕಪಟ್ಟಿ. ಮೂರೂ ಇದ್ದರೆ ಹಸಿರು ಗುರುತು, ಕಡಿಮೆ ಇದ್ದರೆ ಕೆಂಪು. ನನಗೆ ಶಾಲು ಹೊದಿಸುವುದೊಂದೇ ಬಾಕಿ ಎಂದುಕೊಂಡಿದ್ದೆ.

ಸೂರಗೊಂಡನಕೊಪ್ಪದ ಹತ್ತಿರದ ತಾಂಡಾದಿಂದ ಹೇಮ್ಲಿಬಾಯಿ ಎಂಬಾಕೆ ಮಗಳು ರುಕ್ಮಿಣಿಯ ಅರ್ಜಿ ಕೊಟ್ಟಿದ್ದಳು. ಮಗಳು ಹೈಸ್ಕೂಲಿಗೆ ಸೇರಬೇಕಿತ್ತು. ಕೊನೆಯ ದಿನಕ್ಕೆ ವಾರ ಇರುವಾಗ, ಇನ್ನೇನು ಕೊಡಬೇಕೆಂದು ಕೇಳಲು ಬಂದಳು. ಕಂಪ್ಯೂಟರಿನಲ್ಲಿ ರುಕ್ಮಿಣಿಯ ಹೆಸರು ಒತ್ತಿದೆ. ಹಸಿರು.

“ನಾ ಕೊಟ್ಟಿದ್ದು ಒಂದೇ ಕಾಗ್ದ ರೀ,” ಅಂದಳು.

“ಎಲ್ಲಾ ಐತಮ್ಮಾ. ಕಂಪ್ಯೂಟರ್ ಸುಳ್ಳು ಹೇಳಲ್ಲ.”

ಅವಳು ಇನ್ನೊಮ್ಮೆ ಅದನ್ನೇ ಹೇಳಿದಳು. ನಾನು ಪರದೆಯನ್ನೇ ಅವಳ ಕಡೆ ತಿರುಗಿಸಿದೆ. ಓದು ಬಾರದವಳಿಗೆ ಹಸಿರು ಬಣ್ಣ ತೋರಿಸಿ ಬಾಯಿ ಮುಚ್ಚಿಸಿದೆ. ಆವತ್ತು ಅವಳ ಚೀಲದಲ್ಲಿ ಅಂಕಪಟ್ಟಿ ಇತ್ತಂತೆ. ಅದನ್ನು ಹೊರಗೆ ತೆಗೆಯದೆಯೇ ಬಸ್ಸು ಹತ್ತಿದಳು.

ಅರ್ಜಿಯ ಕೊನೆಯ ದಿನ ಮುಗಿದ ಮೇಲೆ ಆಡಳಿತ ಮಂಡಳಿಯವರು ಫೈಲು ಬಿಚ್ಚಿದರು. ರುಕ್ಮಿಣಿಯ ಫೈಲಿನಲ್ಲಿ ಜಾತಿ ಪ್ರಮಾಣಪತ್ರ ಒಂದೇ. ಕಂಪ್ಯೂಟರಿನಲ್ಲಿ ಎಲ್ಲಾ ಇದೆ ಎಂದು ಗೋಗರೆದೆ. ಫೈಲಿನಲ್ಲಿ ತೋರಿಸಿ ಎಂದರು. ಹುಡುಗಿಗೆ ಹಾಸ್ಟೆಲ್ ತಪ್ಪಿತು. ಹಾಸ್ಟೆಲ್ ತಪ್ಪಿದ ಮೇಲೆ ಹೈಸ್ಕೂಲೂ ತಪ್ಪಿತು.

ಎರಡು ದಿನ ಹುಡುಕಿ ಕಾರಣ ಕಂಡುಕೊಂಡೆ. ಎರಡು ಮೂರು ಕಾಗದ ಕೊಟ್ಟರೆ ಅವುಗಳ ಹೆಸರನ್ನು ನನ್ನ ಪ್ರೋಗ್ರಾಂ ಪಟ್ಟಿಯಾಗಿ ಇಡುತ್ತಿತ್ತು, ಒಂದೇ ಕೊಟ್ಟರೆ ಬರೀ ಒಂದು ಪದವಾಗಿ. ಪಟ್ಟಿಯನ್ನು ‘ಆದಾಯದ್ದು ಇದೆಯೇ’ ಎಂದು ಕೇಳಿದರೆ ನೆಟ್ಟಗೆ ಉತ್ತರ ಬರುತ್ತದೆ. ಬರೀ ಪದವನ್ನು ಅದೇ ಪ್ರಶ್ನೆ ಕೇಳಿದರೆ ಈ ಭಾಷೆ ಏನು ಮಾಡುತ್ತದೆ ಗೊತ್ತೇ? ಅದಕ್ಕೆ ಬೇಕಾದದ್ದು ಎಷ್ಟನೆಯ ಅಕ್ಷರ ಎಂಬ ಸಂಖ್ಯೆ. ‘ಆದಾಯ’ ಸಂಖ್ಯೆಯಲ್ಲ, ಆದ್ದರಿಂದ ಸೊನ್ನೆ ಎಂದುಕೊಳ್ಳುತ್ತದೆ. ಸೊನ್ನೆ ಎಂದರೆ ಅದರ ಲೆಕ್ಕದಲ್ಲಿ ಮೊದಲ ಅಕ್ಷರ. ಪದ ಎಂದ ಮೇಲೆ ಮೊದಲ ಅಕ್ಷರ ಇದ್ದೇ ಇರುತ್ತದಲ್ಲ, ‘ಇದೆ’ ಎಂದುಬಿಡುತ್ತದೆ. ಏನಿದೆ ತೋರಿಸು ಎಂದು ಅಚ್ಚು ಹಾಕಿಸಿದೆ. ಆದಾಯ ಪ್ರಮಾಣಪತ್ರದ ಜಾಗದಲ್ಲಿ ಒಂಟಿ ಇಂಗ್ಲಿಷ್ ಅಕ್ಷರ, ‘ಸಿ’. ಜಾತಿಗೆ ನಾನು ಬರೆದಿದ್ದ ಇಂಗ್ಲಿಷ್ ಪದದ ಮೊದಲ ಅಕ್ಷರ ಅದು. ಅಂಕಪಟ್ಟಿಯ ಜಾಗದಲ್ಲೂ ಅದೇ.

ಎರಡು ಕಾಗದ ಕೊಟ್ಟವರನ್ನು ತಡೆದು ಮೂರನೆಯದು ಕೇಳಿದ ಯಂತ್ರ, ಒಂದೇ ಕೊಟ್ಟವಳಿಗೆ ಎಲ್ಲಾ ಇದೆ ಎಂದಿತು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಲು ಇದಕ್ಕೇನು ರೋಗ? ಇಂಟರ್ನೆಟ್ಟಿನಲ್ಲಿ ಬಲ್ಲವರನ್ನು ಕೇಳಿದೆ. ಇದು ದೋಷವಲ್ಲ, ಭಾಷೆ ಇರುವುದೇ ಹೀಗೆ, ಕೈಪಿಡಿ ಓದಿ ಎಂದರು. ಆಮೇಲೆ ಬಂದ ಆವೃತ್ತಿಯಲ್ಲಿ ಮಾತ್ರ ಸದ್ದಿಲ್ಲದೆ ತಿದ್ದಿದ್ದರು. ದೋಷವೇ ಅಲ್ಲದಿದ್ದರೆ ತಿದ್ದಿದ್ದು ಯಾಕೆ ಸ್ವಾಮಿ? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನೀವು ನಗಬಹುದು. ನನಗೆ ಕುಣಿಯಲು ಬರುತ್ತಿರಲಿಲ್ಲ, ಒಪ್ಪಿದೆ. ಆದರೆ ನೆಲವೂ ಡೊಂಕಾಗಿತ್ತು.

ಇಷ್ಟು ಸಿಟ್ಟನ್ನೂ ಹೊತ್ತುಕೊಂಡು ನ್ಯಾಮತಿ ಬಸ್ಸು ಹತ್ತಿ ತಾಂಡಾಕ್ಕೆ ಹೋದೆ. ರುಕ್ಮಿಣಿ ಇರಲಿಲ್ಲ. ಅಡಿಕೆ ಸುಲಿಯುವ ಹೆಂಗಸರ ಜೊತೆ ನಲ್ಲೂರಿಗೆ ಹೋಗಿದ್ದಳು. ಬಾಗಿಲಲ್ಲೇ ನಿಂತು ಹೇಮ್ಲಿಬಾಯಿಗೆ ಸೊನ್ನೆ, ಮೊದಲ ಅಕ್ಷರ ಎಲ್ಲ ವಿವರಿಸಿದೆ. ಕುಡಿಯಲು ನೀರು ಕೊಟ್ಟಳು, ಪೂರ್ತಿ ಕೇಳಿಸಿಕೊಂಡಳು.

“ಅದು ಮಷೀನು ರೀ, ಅದಕ್ಕೇನು ಗೊತ್ತಾಗ್ತೈತೆ,” ಅಂದಳು. “ನಾನು ನಿಮ್ಮ ಮುಂದೇ ನಿಂತಿದ್ನಲ್ಲ. ಒಂದೇ ಕೊಟ್ಟೀನಿ ಅಂತ ಎರಡು ಸಲ ಹೇಳ್ದೆ.”

ಅಷ್ಟು ಹೊತ್ತು ಯಂತ್ರದ ಮೇಲಿದ್ದ ಸಿಟ್ಟು ನನ್ನ ಕಡೆ ತಿರುಗಿತು. ಇನ್ನೂ ಹಾಗೇ ಇದೆ. ಮರುವರ್ಷ ಅರ್ಜಿಯನ್ನು ನಾನೇ ತುಂಬಿ ತಾಂಡಾಕ್ಕೆ ಒಯ್ದೆ. ರುಕ್ಮಿಣಿ ಬರಲಿಲ್ಲ.

ಈಗ ಹಾಸ್ಟೆಲಿನಲ್ಲಿ ಇರುವ ಪ್ರೋಗ್ರಾಂ ಯಾರೋ ತಿಳಿದವರು ಬರೆದದ್ದು. ಹೋದ ವಾರ ಜಗಳೂರಿನಿಂದ ಬಂದ ಒಬ್ಬ ತಂದೆ ಮೂರೂ ಕಾಗದ ಕೊಟ್ಟಿದ್ದೇನೆ ಎಂದು ಪಟ್ಟು ಹಿಡಿದ. ಪರದೆಯಲ್ಲಿ ಎರಡೇ. ನಾನು ಎದ್ದು ಬೀರು ತೆಗೆದೆ. ಹಿಂದೆ ಸಾಲಿನಲ್ಲಿದ್ದವರು ಗೊಣಗಿದರು. ಫೈಲು ತಂದು ಅವನ ಮುಂದೆಯೇ ಒಂದೊಂದಾಗಿ ತಿರುವಿದೆ. ಎರಡೇ ಇದ್ದವು, ಯಂತ್ರ ಸರಿಯಾಗಿಯೇ ಹೇಳಿತ್ತು. ಅವನು ನಾಚಿಕೊಂಡ. ಎದ್ದು ನೋಡಿದ್ದಕ್ಕೆ ನನಗೇನೂ ಬೇಸರವಾಗಲಿಲ್ಲ.

“ಇನ್ನೂ ಒಂದು ವಾರ ಟೈಮ್ ಐತೆ, ತಂದು ಕೊಡ್ರಿ,” ಎಂದೆ. ಹೇಮ್ಲಿಬಾಯಿಗೆ ನಾನು ಹೇಳಬೇಕಾಗಿದ್ದದ್ದು ಇಷ್ಟೇ ಮಾತು.