ಎರಡು ಸೆಕೆಂಡಿನ ಚಿಪ್ಪುಹಂದಿ

ತೀರ್ಥಪ್ಪ ಮೇಷ್ಟ್ರು ಪಂಚನಹಳ್ಳಿಯ ಸುತ್ತಮುತ್ತ ಇಪ್ಪತ್ತೊಂಬತ್ತು ವರ್ಷ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಅವರ ಹತ್ತಿರವೇ ಪೆನ್ಸಿಲ್ ಹಿಡಿಯಲು ಕಲಿತ ಸ್ಫೂರ್ತಿ ಈಗ ಕಡೂರಿನ ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ, ಗೆಳೆಯ ಕಲ್ಲೇಶನ ಜೊತೆ ಸೇರಿ ಮೊಬೈಲ್ ಗೇಮ್ ಮಾಡುತ್ತಿದ್ದಳು. ದನ ಮೇಯುವ ಕಾವಲಿನಲ್ಲಿ ದಾರಿ ತಪ್ಪಿದ ಅಮೃತಮಹಲ್ ತಳಿಯ ಕರುವೊಂದು ಹಳ್ಳ, ಬಂಡೆ, ಬೇಲಿ ಹಾರುತ್ತ ತಾಯಿಯನ್ನು ಹುಡುಕುವ ಆಟ. ಎರಡು ಭಾಗ ಬಂದು ಹೆಸರಾಗಿತ್ತು.

ಮೂರನೆಯ ಭಾಗಕ್ಕೆ ಅವಳು ಮೇಷ್ಟ್ರನ್ನು ಕರೆದಳು. ಕರುವಿಗೆ ಅಡ್ಡ ಬರುವ ಚಿಪ್ಪುಹಂದಿಯೊಂದು ಬೇಕಿತ್ತು. ಮೇಷ್ಟ್ರು ಹಿಗ್ಗಿಹೋದರು. ಎರಡು ತಿಂಗಳು ಕೂತು ಒಂದೊಂದೇ ಚಿಪ್ಪಿಗೆ ಬಣ್ಣ ತುಂಬಿದರು. ಆಟ ಓಡಿಸಿ ತೋರಿಸಿದ ದಿನ ಚಿಪ್ಪುಹಂದಿ ಸುರುಳಿ ಸುತ್ತಿ ಉರುಳುತ್ತ ಬಂತು, ಕರು ಅದರ ಮೇಲೆ ಕಾಲಿಟ್ಟು ಹಾರಿತು, ಅಷ್ಟೇ. ಎರಡು ಸೆಕೆಂಡು.

ಗೋಡೆಯ ಪೋಸ್ಟರಿನಲ್ಲೆಲ್ಲ ಸ್ಫೂರ್ತಿ ಬರೆದ ಕರುವೇ. ಅದರ ಕಿವಿ ಬಾಗಿದ್ದ ರೀತಿ ನೋಡಿದಾಗ, ತಾವು ಇಷ್ಟು ವರ್ಷದಲ್ಲಿ ಇಂಥ ಒಂದು ಗೆರೆ ಎಳೆದಿಲ್ಲ ಅನ್ನುವುದು ಅವರಿಗೆ ಗೊತ್ತಾಯಿತು. ಊರಲ್ಲಿ ಯಾರಾದರೂ ನಿಮ್ಮ ಶಿಷ್ಯೆ ಎಂದು ಮಾತು ತೆಗೆದರೆ ಮೇಷ್ಟ್ರು ತೆಂಗಿನ ನುಸಿ ರೋಗದ ಸುದ್ದಿ ಎತ್ತುತ್ತಿದ್ದರು.

ಕೊನೆಯ ತಿದ್ದುಪಡಿಗೆ ಫೈಲು ಬಂದಾಗ, ಉರುಳುವ ಚಿಪ್ಪುಹಂದಿಯನ್ನು ಅವಳು ಹೇಳಿದ್ದ ಅಳತೆಗಿಂತ ಒಂಚೂರು ದಪ್ಪ ಮಾಡಿ ಕಳಿಸಿದರು. ಕಣ್ಣಿಗೆ ಕಾಣುವಷ್ಟಲ್ಲ. ಆದರೆ ಕರು ಹಾರಿದಾಗಲೆಲ್ಲ ಹಿಂಗಾಲು ತಗಲಿ ಮುಗ್ಗರಿಸತೊಡಗಿತು. ಸ್ಫೂರ್ತಿ ಬರೆದ ಜಿಗಿತವೇ ಸರಿಯಿಲ್ಲ ಎಂದು ಕಲ್ಲೇಶ್ ಪಟ್ಟು ಹಿಡಿದ. ಅವಳು ಹತ್ತು ದಿನ ಅದನ್ನೇ ಅಳಿಸಿ ಅಳಿಸಿ ಬರೆದಳು.

ಹನ್ನೊಂದನೆಯ ದಿನ ಮೇಷ್ಟ್ರು ಕಡೂರಿನ ಬಸ್ಸು ಹತ್ತಿದರು. ಅವಳು ಪರದಾಡುವುದನ್ನು ಕಣ್ಣಾರೆ ನೋಡಬೇಕಿತ್ತು. ಹೋಗಿ ನೋಡಿದರೆ ಅವಳ ಮಣಿಕಟ್ಟಿಗೆ ಪಟ್ಟಿ ಸುತ್ತಿತ್ತು.

"ಕೈಯೇ ಓಡ್ತಿಲ್ಲ ಸಾರ್. ನೀವೇ ಒಂದ್ಸಲ ತಿದ್ಕೊಡಿ," ಎಂದು ಪೆನ್ನು ಅವರ ಮುಂದಿಟ್ಟಳು.

ಮೇಷ್ಟ್ರು ಅದನ್ನು ಮುಟ್ಟಲಿಲ್ಲ. "ನಿನ್ ಕರುದೇನೂ ತಪ್ಪಿಲ್ಲ ಕಣಮ್ಮ. ನಾನೇ ಬೇಕಂತ ಚಿಪ್ಪುಹಂದಿ ದಪ್ಪ ಮಾಡ್ದೆ. ನಿನ್ ಕೆಲ್ಸ ನೋಡಿ ತಡಕೊಳ್ಳಕ್ಕಾಗ್ಲಿಲ್ಲ."

ಸ್ಫೂರ್ತಿ ಪರದೆಯ ಮೇಲೆ ಚಿಪ್ಪುಹಂದಿಯ ಫೈಲು ತೆರೆದಳು. "ಕೇಳಿದ್ರೆ ಕರುನೇ ನಿಮಗೆ ಬಿಟ್ಕೊಡ್ತಿದ್ದೆ ಸಾರ್," ಎಂದಳು. ಮೇಷ್ಟ್ರಿಗೆ ಬೈಗುಳವಾದರೂ ಇದಕ್ಕಿಂತ ಹಗುರವಾಗುತ್ತಿತ್ತು.

ಅವಳು ಒಂದೇ ನಿಮಿಷದಲ್ಲಿ ಅಳತೆ ಸರಿಮಾಡಿದಳು. ಕಲ್ಲೇಶನಿಗೆ ನಿಜ ಹೇಳಲಿಲ್ಲ. ನಾಲ್ಕನೆಯ ಭಾಗಕ್ಕೆ ಮೇಷ್ಟ್ರನ್ನು ಕರೆಯಲೂ ಇಲ್ಲ.

ಅದು ಬಿಡುಗಡೆಯಾದ ದಿನ ಮೇಷ್ಟ್ರು ಹೆಂಡತಿ ಪ್ರೇಮಮ್ಮನ ಫೋನಿನಲ್ಲಿ ಆಡಿ ನೋಡಿದರು. ಚಿಪ್ಪುಹಂದಿ ಇದ್ದ ಜಾಗದಲ್ಲಿ ಒಂದು ಮುಂಗುಸಿ ಬರುತ್ತಿತ್ತು. ಅಜ್ಜಂಪುರದ ಧನುಶ್ರೀ ಎಂಬ ಹುಡುಗಿ ಬರೆದದ್ದಂತೆ. ಅದರ ಬಾಲ ಬಹಳ ಚೆನ್ನಾಗಿತ್ತು. ಮೇಷ್ಟ್ರಿಗೆ ಅವತ್ತು ಊಟ ಸೇರಲಿಲ್ಲ.